ಆರೂ ಜಿಗಿತ, ಕತ್ತರಿಯಿಲ್ಲದೆ

ನವೆಂಬರ್ 9, ಶನಿವಾರ. ಶೋವ್ಡೆ, ಸ್ವೀಡನ್
ಮದುವೆಯಾಗಿ 79ನೇ ದಿನ!

ಹೊಸ ಡೈರಿ, ಹೊಸ ಪೆನ್ನು, ಹೊಸ ಗಂಡ! ಮೂರೂ ಚೆನ್ನಾಗಿ ಓಡುತ್ತಿವೆ. ಡೈರಿ ತಂದುಕೊಟ್ಟಿದ್ದು ಅಭಯ್. ಹನ್ನೆರಡು ವರ್ಷ ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷಿನಲ್ಲೇ ಬರೆಯೋಣ ಅಂದುಕೊಂಡಿದ್ದೆ. ಆದರೆ ಇಲ್ಲಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲರ ಜೊತೆ ಇಂಗ್ಲಿಷ್ ಮಾತಾಡಿ ನಾಲಿಗೆ ಒಣಗಿಹೋಗುತ್ತದೆ. ಅದಕ್ಕೇ ಕನ್ನಡ. ಒತ್ತಕ್ಷರ ತಪ್ಪಿದರೆ ನೋಡುವವರು ಯಾರು?

ನಿಯಮ ಒಂದೇ: ಇದರಲ್ಲಿ ಸಂತೋಷದ ಸಂಗತಿಗಳು ಮಾತ್ರ. ಜಯನಗರದ ಸ್ಟುಡಿಯೊದಲ್ಲಿ ಮೂರು ವರ್ಷ ಮದುವೆ ವಿಡಿಯೊ ಎಡಿಟ್ ಮಾಡಿದವಳು ನಾನು. ಆಕಳಿಸುವ ಸೋದರಮಾವ, ಬೀಗರ ಮುನಿಸು, ಊಟದ ಪಂಕ್ತಿಯ ನೂಕಾಟ, ಎಲ್ಲವನ್ನೂ ಕತ್ತರಿಸಿ ಬಿಸಾಡುವುದೇ ಕೆಲಸ. ಮದುವೆ ವಿಡಿಯೊದಲ್ಲಿ ಯಾರೂ ಬೆವರುವುದಿಲ್ಲ. ನನ್ನ ಡೈರಿಯಲ್ಲೂ ಅಷ್ಟೆ!

ಇವತ್ತು ಬದರಿನಾಥ್ ಸರ್ ಮನೆಗೆ ಫೀಕಾಗೆ ಹೋಗಿದ್ದೆವು. ಫೀಕಾ ಅಂದರೆ ಕಾಫಿ, ಜೊತೆಗೆ ದಾಲ್ಚಿನ್ನಿ ಬನ್ನು. ಇವರ ಮನೆಯಲ್ಲಿ ಕೋಡುಬಳೆಯೂ ಇತ್ತು. ಸರ್ ಅಭಯ್‌ನ ಎಂಜಿನ್ ಫ್ಯಾಕ್ಟರಿಯಲ್ಲೇ ಕ್ವಾಲಿಟಿ ವಿಭಾಗದ ಹಿರಿಯರು. ಅವರ ಹೆಂಡತಿ ಶೋಭನಾ ಅಕ್ಕ ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಮಗಳು ಆರಾಧ್ಯಾಗೆ ಹದಿನೆಂಟು, ಶಾಲೆಯ ಕೊನೆಯ ವರ್ಷ. ಜಿಂಕೆಯ ಹಾಗೆ ಉದ್ದ ಕಾಲು. ಅವಳು ನನ್ನನ್ನು “ಆಂಟಿ” ಅಂದಳು. ನನಗೆ ಇಪ್ಪತ್ತೈದು!! (ಇದು ಸಂತೋಷದ ಸಂಗತಿಯಲ್ಲ. ಆದರೆ ಅಭಯ್ ಬಿದ್ದು ಬಿದ್ದು ನಕ್ಕ, ಆದ್ದರಿಂದ ಬರೆಯಬಹುದು.)

ನಾನೇ ಎಡಿಟ್ ಮಾಡಿದ ನಮ್ಮ ಮದುವೆ ವಿಡಿಯೊ ಹಾಕಿ ತೋರಿಸಿದೆ. ಶೋಭನಾ ಅಕ್ಕ ಕಣ್ಣೊರೆಸಿಕೊಂಡರು. “ನಮ್ಮ ಆರಾಧ್ಯಾಗೂ ಇಂಥದ್ದೊಂದು ಮಾಡ್ಕೊಡ್ತೀಯೇನೆ?”

“ಅಯ್ಯೋ ಅಕ್ಕ, ಯಾವಾಗ ಮದುವೆ?”

ಆರಾಧ್ಯಾಗೆ ಬನ್ನು ಗಂಟಲಿಗೆ ಸಿಕ್ಕಿಹಾಕಿಕೊಂಡಿತು. “ಮದ್ವೆ ಅಲ್ಲ ಕಣೆ!” ಅಂದರು ಅಕ್ಕ. “ಅವ್ಳ ಜಂಪು. ಅಮೆರಿಕದ ಕಾಲೇಜು ಕೋಚ್‌ಗಳಿಗೆ ಕಳಿಸ್ಬೇಕಂತೆ.”

ಬದರಿನಾಥ್ ಸರ್ ಆ ವಿಷಯ ಕಿವಿಗೇ ಬೀಳದವರಂತೆ ಬನ್ನಿನ ತಟ್ಟೆಯನ್ನು ಅಭಯ್ ಕಡೆ ತಳ್ಳಿದರು. ನನ್ನ ವಿಡಿಯೊ ಬಗ್ಗೆ ಅವರು ಹೇಳಿದ್ದು ಒಂದೇ ಮಾತು: “ಪರವಾಗಿಲ್ಲ.”

ದಾರಿಯಲ್ಲಿ ನನ್ನ ಮುಖ ನೋಡಿ ಅಭಯ್ ಅಂದ: “ಲಾವು, ಅವರ ಬಾಯಲ್ಲಿ ಪರವಾಗಿಲ್ಲ ಅಂದ್ರೆ ಚಿನ್ನದ ಪದಕ ಕಣೆ. ಎರಡು ವರ್ಷಕ್ಕೆ ನಂಗೆ ಸಿಕ್ಕಿರೋದು ಒಂದೇ.”

ನವೆಂಬರ್ 14, ಗುರುವಾರ
84ನೇ ದಿನ!

ಆರಾಧ್ಯಾ ಅಭ್ಯಾಸ ಮಾಡುವ ಹಾಲ್‌ಗೆ ಹೋಗಿದ್ದೆ. ಅಭಯ್ ಬೆಳಿಗ್ಗೆಯೇ ಬಸ್ಸಿನ ನಂಬರ್ ಚೀಟಿಯಲ್ಲಿ ಬರೆದುಕೊಟ್ಟು, ಇಳಿದ ಮೇಲೆ ಫೋನ್ ಮಾಡಿಸಿಕೊಂಡ. ಎಷ್ಟು ಕಾಳಜಿ!

ಅವಳದು ಟ್ರಿಪಲ್ ಜಂಪ್. ದೂರದಿಂದ ಓಡಿ ಬಂದು ಬಿಳಿ ಹಲಗೆಯ ಮೇಲೆ ಕಾಲಿಟ್ಟು, ಅದೇ ಕಾಲಲ್ಲಿ ಒಂದು ಕುಪ್ಪಳಿಕೆ, ಆಮೇಲೆ ಒಂದು ದಾಪುಗಾಲು, ಕೊನೆಗೆ ಮರಳಿಗೆ ಹಾರುವುದು. “ಇದು ಕುಂಟೆಬಿಲ್ಲೆ ಅಲ್ವಾ?” ಅಂದೆ. ಆರಾಧ್ಯಾಗೆ ಕುಂಟೆಬಿಲ್ಲೆ ಗೊತ್ತಿಲ್ಲ! ನೆಲದ ಮೇಲೆ ಮನೆ ಬರೆದು ಆಡಿ ತೋರಿಸಿದೆ. ಅವಳ ಕೋಚ್ ಯೋರಾನ್, ಅರವತ್ತೇಳು ವರ್ಷದ ಮನುಷ್ಯ, ಮರಳು ಎಳೆಯುವ ಕುಂಟೆ ಹಿಡಿದುಕೊಂಡೇ ನಿಂತು ನೋಡಿ “ಬ್ರಾ” ಅಂದ. ಚೆನ್ನಾಗಿದೆ ಅಂತ ಅರ್ಥ. ಅಭಯ್‌ಗೆ ಹೇಳಬೇಕು!

ವಿಷಯ ಏನೆಂದರೆ, ಇಲ್ಲಿ ಯೂನಿವರ್ಸಿಟಿಗೆ ಅಂಕ ನೋಡಿ ಸೇರಿಸಿಕೊಳ್ಳುತ್ತಾರೆ. ಆಟ ಏನಿದ್ದರೂ ಸಂಜೆಯ ಕ್ಲಬ್ಬಿನಲ್ಲಿ. ಅಮೆರಿಕದಲ್ಲಿ ಕಾಲೇಜಿಗೇ ತಂಡ, ತಂಡಕ್ಕೆ ಕೋಚ್, ಕೋಚ್‌ಗೆ ಇಷ್ಟವಾದರೆ ಓದು, ಆಟ ಎರಡೂ ಅಲ್ಲೇ. ಆದರೆ ಅಲ್ಲಿಯ ಕೋಚ್ ಶೋವ್ಡೆವರೆಗೆ ಹುಡುಕಿಕೊಂಡು ಬರುವುದಿಲ್ಲ. ಇವಳೇ ಹೋಗಿ ಅವರ ಕಣ್ಣಿಗೆ ಬೀಳಬೇಕು. ಇವಳ ಅತಿ ದೂರದ ಜಿಗಿತ 11.84 ಮೀಟರ್. ಹನ್ನೆರಡು ದಾಟಿದವರನ್ನು ಮಾತ್ರ ಅವರು ತಿರುಗಿ ನೋಡುತ್ತಾರಂತೆ.

ಸರ್ ಹಾಕಿರುವ ಷರತ್ತು: ಏಪ್ರಿಲ್ ಹದಿನೈದು ಇಲ್ಲಿನ ಯೂನಿವರ್ಸಿಟಿಗಳಿಗೆ ಅರ್ಜಿಯ ಕೊನೆಯ ದಿನ. ಅಷ್ಟರಲ್ಲಿ ಯಾವ ಕೋಚ್ ಕೂಡ ಕರೆಯದಿದ್ದರೆ ಗೋಥೆನ್‌ಬರ್ಗ್‌ನಲ್ಲಿ ಎಂಜಿನಿಯರಿಂಗ್, ಜಿಗಿತದ ಶೂ ಅಟ್ಟಕ್ಕೆ.

“ಎಂಜಿನಿಯರಿಂಗ್ ಬೇಡ್ವಾ ನಿಂಗೆ?” ಎಂದು ಕೇಳಿದೆ.

“ಬೇಕು ಆಂಟಿ. ಬಟ್ ನಂಗೆ ಬೋತ್ ಬೇಕು. ಹನ್ನೆರಡು ಮೀಟರ್ ನೋಡದೇನೇ ಹೆಂಗೆ ನಿಲ್ಸೋದು?”

ಮುದ್ದು ಹುಡುಗಿ! ಇವಳಿಗೆ ನಾನು ಎಂಥ ವಿಡಿಯೊ ಮಾಡಿಕೊಡುತ್ತೇನೆ ಅಂದರೆ ಇಡೀ ಅಮೆರಿಕ ಅಳಬೇಕು.

ನವೆಂಬರ್ 30, ಶನಿವಾರ
100ನೇ ದಿನ!!!

ವಿಡಿಯೊ ಮುಗಿಯಿತು! ನನ್ನ ಈವರೆಗಿನ ಅತ್ಯುತ್ತಮ ಕೆಲಸ ಇದು, ನಮ್ಮ ಮದುವೆಯದನ್ನು ಬಿಟ್ಟು.

ಮಂಜಿನಲ್ಲಿ ಬಿಲ್ಲಿಂಗೆನ್ ಗುಡ್ಡ. ಆರಾಧ್ಯಾ ಶೂಲೇಸ್ ಕಟ್ಟಿಕೊಳ್ಳುತ್ತಾಳೆ (ನಿಧಾನಗತಿ). ಕೂದಲು ಹಾರುತ್ತದೆ (ಇನ್ನೂ ನಿಧಾನ). ಓಟ, ವಯಲಿನ್, ಜಿಗಿತ! ಗಾಳಿಯಲ್ಲಿರುವಾಗಲೇ ದೃಶ್ಯ ಕರಗಿ ಸೂರ್ಯಾಸ್ತ. ಮರಳಿನ ಕಣಗಳಿಗೆ ಚಿನ್ನದ ಬಣ್ಣ ಕೊಟ್ಟಿದ್ದೇನೆ, ಧಾರೆಯ ಅಕ್ಷತೆಗೆ ಕೊಡುತ್ತಿದ್ದೆನಲ್ಲ, ಅದೇ. ಫೌಲ್ ಆದದ್ದೆಲ್ಲ ಔಟ್. ಹಲಗೆಯ ಮುಂದಿನ ಗೆರೆಯನ್ನು ಕೂದಲೆಳೆಯಷ್ಟು ದಾಟಿದರೂ ಕೆಂಪು ಬಾವುಟ ಎತ್ತುತ್ತಾರೆ, ಜಿಗಿತ ಲೆಕ್ಕಕ್ಕಿಲ್ಲ. ಪಾಪ, ಆರಾಧ್ಯಾಗೆ ಅದೊಂದು ಕಾಯಿಲೆ.

ಪತ್ರವನ್ನೂ ನಾನೇ ಬರೆದೆ. “ಗೌರವಾನ್ವಿತ ಮಹೋದಯರೇ, ವಿನಮ್ರತೆಯಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ” ಎಂಬುದಕ್ಕೆ ನಮ್ಮ ಕಾನ್ವೆಂಟಿನಲ್ಲಿ ಕಲಿಸಿದ ಇಂಗ್ಲಿಷ್ ಏನಿದೆಯೋ ಅದೇ. ಒಂದೇ ಪತ್ರ, ನಲವತ್ತೊಂದು ಕಾಲೇಜು, ಒಂದೇ ಏಟಿಗೆ! ಕೆಳಗೆ ಸ್ವಲ್ಪ ತೂಕವಿರಲಿ ಎಂದು “ಆರಾಧ್ಯಾಳ ಆಂಟಿ” ಅಂತಲೇ ಸಹಿ ಹಾಕಿದೆ.

ಅಭಯ್ ನೂರನೇ ದಿನಕ್ಕೆ ಹಳದಿ ಟ್ಯೂಲಿಪ್ ತಂದ. (ನಾನು ನೆನಪಿಸಿದ ಮೇಲೆ. ಇರಲಿ.)

ಡಿಸೆಂಬರ್ 13, ಶುಕ್ರವಾರ
113ನೇ ದಿನ

ಲೂಸಿಯಾ ಹಬ್ಬ. ತಲೆಯ ಮೇಲೆ ದೀಪವಿಟ್ಟುಕೊಂಡ ಹುಡುಗಿಯರು ಹಾಡುತ್ತಾ ಬಂದರು. ಹಿಮ! ಕೇಸರಿ ಬನ್ನು! ಪತ್ರಕ್ಕೆ ಯಾರೂ ಉತ್ತರ ಬರೆದಿಲ್ಲ. ಪರ್ಸೊನ್ನುಮ್ಮರ್, ನಮ್ಮ ಆಧಾರ್ ನಂಬರಿನಂಥದ್ದು, ಅದೂ ಬಂದಿಲ್ಲ. ಆ ನಂಬರ್ ಇಲ್ಲದಿದ್ದರೆ ಇಲ್ಲಿ ಸ್ವೀಡಿಷ್ ಕ್ಲಾಸಿಗೂ ಸೇರಿಸಿಕೊಳ್ಳುವುದಿಲ್ಲ. ಅಮ್ಮನಿಗೆ ಎಲ್ಲಾ ಸೂಪರ್ ಅಂದೆ.

ಡಿಸೆಂಬರ್ 19, ಗುರುವಾರ

ಉತ್ತರ ಬಂತು. ನಲವತ್ತೊಂದರಲ್ಲಿ ನಾಲ್ಕು. ಮೂರು ಯಂತ್ರ ಬರೆದವು. ನಾಲ್ಕನೆಯದು ಅಯೋವಾದ ಒಂದು ಕಾಲೇಜಿನ ಕೋಚ್ ಡೆನಿಸ್ ಎಂಬ ಹೆಂಗಸಿನಿಂದ. ಹೆಂಗಸಿಗೆ ನಾನು ಮಹೋದಯ ಅಂದಿದ್ದೆ. ಆಕೆ ಬರೆದದ್ದು ಇಷ್ಟು:

“ನಿಮ್ಮ ವಿಡಿಯೊ ನೋಡಿ ಕಣ್ಣು ತುಂಬಿತು. ಆದರೆ ಹುಡುಗಿ ಎಷ್ಟು ದೂರ ಹಾರುತ್ತಾಳೆಂದು ಗೊತ್ತಾಗಲಿಲ್ಲ. ಅವಳು ಮರಳಿಗೆ ಇಳಿದದ್ದನ್ನು ನಾನು ನೋಡಲೇ ಇಲ್ಲ, ಪ್ರತಿ ಸಲವೂ ಸೂರ್ಯ ಮುಳುಗಿದ. ಒಂದು ಸ್ಪರ್ಧೆಯ ಆರೂ ಜಿಗಿತ ಕಳಿಸಿ. ಕತ್ತರಿ ಬೇಡ, ಸಂಗೀತ ಬೇಡ. ಫೌಲ್‌ಗಳೂ ಇರಲಿ. ಮುಂದಿನ ಪತ್ರ ಆಂಟಿಯಿಂದ ಬೇಡ, ಹುಡುಗಿಯೇ ಬರೆಯಲಿ.”

ಅಭಯ್‌ಗೆ ಓದಿ ಹೇಳಿದೆ. ಅವನು ನಕ್ಕ. “ಪ್ರತಿ ಸಲವೂ ಸೂರ್ಯ ಮುಳುಗಿದ” ಅಂತ ಎರಡೆರಡು ಸಲ ಹೇಳಿ ನಕ್ಕ. ನಾನು ಅಳುತ್ತಿರುವುದು ಅವನಿಗೆ ಆಮೇಲೆ ಕಂಡಿತು. ಎರಡು ತಿಂಗಳಿಂದ ನಾನು ಈ ಊರಲ್ಲಿ ಮಾಡಿದ ಒಂದೇ ಒಂದು ಕೆಲಸ ಅದು ಅಂದೆ. ಅವನು “ಸಾರಿ” ಅಂದ. ನಾನು ಬಾಗಿಲು ಹಾಕಿಕೊಂಡೆ. ಉಪ್ಪಿಟ್ಟು ಮಾಡಿದ. ಗಂಟು ಗಂಟಾಗಿತ್ತು. ತಿಂದೆ.

ಇದನ್ನು ಬರೆಯಬಾರದಿತ್ತು. ಪುಟ ಹರಿಯೋಣವೆಂದರೆ ಅದರ ಹಿಂಬದಿಯಲ್ಲಿ ಲೂಸಿಯಾ ಇದೆ.

ಜನವರಿ 12, ಭಾನುವಾರ

ನಮ್ಮ ಊರಿನ ಹಾಲ್‌ನಲ್ಲೇ ಸ್ಪರ್ಧೆ ಇತ್ತು. ಕ್ಯಾಮೆರಾವನ್ನು ಮರಳಿನ ಗುಂಡಿಯ ಪಕ್ಕದಲ್ಲಿ, ಹಲಗೆ, ಅಳತೆಪಟ್ಟಿ ಎರಡೂ ಕಾಣುವ ಹಾಗೆ ನಿಲ್ಲಿಸಿ, ಕೈ ಕಟ್ಟಿಕೊಂಡು ನಿಂತೆ. ನನ್ನ ಜೀವನದಲ್ಲಿ ಇಷ್ಟು ಕಷ್ಟದ ಚಿತ್ರೀಕರಣ ಮಾಡಿಲ್ಲ. ಕ್ಯಾಮೆರಾ ಅಲ್ಲಾಡಿಸುವಂತಿಲ್ಲ!

ಫೌಲ್. 11.62. ಫೌಲ್. ಫೌಲ್. 11.70. ಫೌಲ್.

ನಾಲ್ಕನೆಯದಕ್ಕೆ ಅವಳು ಹಕ್ಕಿಯ ಹಾಗೆ ಹೋದಳು. ಬಾವುಟ ನೋಡಿದರೆ ಕೆಂಪು. ನನಗೆ ಗೊತ್ತಿಲ್ಲದೆಯೇ “ಅಯ್ಯೋ ಹಾಳಾದ್ದೇ!” ಅಂತ ಕಿರುಚಿದೆ. ಇಲ್ಲಿ ಜನ ಚಪ್ಪಾಳೆಯನ್ನೂ ಪಿಸುಮಾತಿನಲ್ಲಿ ತಟ್ಟುತ್ತಾರೆ. ಇಡೀ ಹಾಲ್ ತಿರುಗಿ ನೋಡಿತು. ಯೋರಾನ್ ಕೈಯಿಂದ ಕುಂಟೆ ಬಿತ್ತು.

ಆಮೇಲೆ ಅವರ ಮನೆಯಲ್ಲಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. “ಇದನ್ನ ಕಳಿಸಿದ್ರೆ ಮರ್ಯಾದೆ ಹೋಗತ್ತೆ,” ಅಂದಳು ಆರಾಧ್ಯಾ. ನನಗೂ ಹಾಗೇ ಅನ್ನಿಸಿತು. ಮುಂದಿನ ತಿಂಗಳು ಬೇರೆ ತೆಗೆಯೋಣ, ಚೆನ್ನಾಗಿ ಹಾರಿದ ದಿನದ್ದು ಕಳಿಸೋಣ ಅಂದೆ. ಬದರಿನಾಥ್ ಸರ್ ಟೀ ಲೋಟ ಹಿಡಿದು ನಮ್ಮ ಹಿಂದೆ ಬಂದು ನಿಂತಿದ್ದು ಗೊತ್ತೇ ಆಗಲಿಲ್ಲ.

“ನಾಲ್ಕನೇದು ಇನ್ನೊಂದ್ಸಲ ಹಾಕಮ್ಮ.”

“ಸರ್, ಅದು ಫೌಲು.”

“ಗೊತ್ತು. ಹಾಕು.”

ಕನ್ನಡಕ ಹಾಕಿಕೊಂಡರು. ಕಾಲು ಹಲಗೆಯ ಮೇಲಿರುವಾಗ ನಿಲ್ಲಿಸು ಅಂದರು, ಮರಳಿಗೆ ಇಳಿದಾಗ ನಿಲ್ಲಿಸು ಅಂದರು. ಡ್ರಾಯರಿನಿಂದ ಸ್ಕೇಲು ತಂದು ಪರದೆಯ ಮೇಲಿಟ್ಟರು. “ಗೆರೆಯಿಂದ ಹನ್ನೆರಡು ಇಪ್ಪತ್ತೇಳು. ಕಾಲು ಗೆರೆ ದಾಟಿರೋದು ನಾಲ್ಕು ಸೆಂಟಿಮೀಟರು. ಅಂದ್ರೆ ಇವಳು ಹಾರಿರೋದು ಹನ್ನೆರಡು ಇಪ್ಪತ್ಮೂರು.”

ಆರಾಧ್ಯಾ ಪರದೆಯ ಹತ್ತಿರಕ್ಕೆ ಬಗ್ಗಿದಳು.

“ಫ್ಯಾಕ್ಟರೀಲಿ ಪಾಸಾದ ಪೀಸನ್ನ ಯಾರೂ ತಿರುಗಿ ನೋಡಲ್ಲ,” ಅಂದರು. “ರಿಜೆಕ್ಟ್ ಆಗಿರೋದನ್ನ ಮೇಜಿನ ಮೇಲಿಟ್ಕೊಂಡು ಕೂರ್ತೀವಿ. ಮೆಷಿನ್‌ಗೆ ಏನು ತಾಕತ್ತಿದೆ, ಎಲ್ಲಿ ತಪ್ತಿದೆ, ಎರಡೂ ಅದ್ರಲ್ಲೇ ಇರೋದು. ಆಯಮ್ಮ ಸರಿಯಾಗೇ ಕೇಳಿದಾಳೆ.” ಲೋಟ ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ನಿಂತರು. “ಪರವಾಗಿಲ್ಲ.”

ಆರಾಧ್ಯಾ ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಶೋಭನಾ ಅಕ್ಕ ಒಲೆಯ ಕಡೆ ತಿರುಗಿ ಏನನ್ನೋ ಜೋರಾಗಿ ಕಲಕತೊಡಗಿದರು. ಪಾತ್ರೆಯಲ್ಲಿ ಬರೀ ನೀರಿತ್ತು.

“ಒಪ್ಪಿದೀನಿ ಅಂತಲ್ಲ,” ಸರ್ ದನಿ ಹೊರಗಿನಿಂದ ಬಂತು. “ಏಪ್ರಿಲ್ ಹದಿನೈದು ಅಂದ್ರೆ ಹದಿನೈದೇ.”

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು ಬೀರಲು ಹೋದವಳು ಪತ್ರ ಕಳಿಸಿ ಬಂದೆ.

ಆರಾಧ್ಯಾ ಈ ಸಲ ನಲವತ್ತೊಂದಕ್ಕೆ ಕಳಿಸಲಿಲ್ಲ. ಎರಡು ದಿನ ಕೂತು ಒಂದೊಂದೇ ಕಾಲೇಜಿನ ತಂಡದ ಪಟ್ಟಿ ತೆಗೆದು, ಎಲ್ಲಿ ಟ್ರಿಪಲ್ ಜಂಪ್ ಹುಡುಗಿಯರು ಈ ವರ್ಷ ಓದು ಮುಗಿಸಿ ಹೊರಡುತ್ತಾರೋ ಅಂಥವನ್ನು ಮಾತ್ರ ಆರಿಸಿದ್ದಾಳೆ. ಅಯೋವಾ ಸೇರಿ ಹನ್ನೆರಡು. ಪ್ರತಿಯೊಂದಕ್ಕೂ ಕೋಚ್‌ನ ಹೆಸರು ಹಾಕಿ ಬೇರೆ ಬೇರೆ ಪತ್ರ. ಡೆನಿಸ್‌ಗೆ ಬರೆದದ್ದು: “ನಾನು ಆರಾಧ್ಯಾ. ಆರು ಜಿಗಿತ, ನಾಲ್ಕು ಫೌಲ್. ಲಿಂಕ್ ಇಲ್ಲಿದೆ. ದಯವಿಟ್ಟು ನಾಲ್ಕನೆಯದನ್ನು ನೋಡಿ. ಮುಂದಿನ ಸ್ಪರ್ಧೆ ಫೆಬ್ರವರಿ 22, ಗೋಥೆನ್‌ಬರ್ಗ್.” ಕೆಳಗೆ ಎತ್ತರ, ಅಂಕಪಟ್ಟಿ. ಅಷ್ಟೇ. ನನ್ನ ಕೈ ತುರಿಸುತ್ತಿತ್ತು, ಒಂದು ವಿಶೇಷಣವನ್ನಾದರೂ ಸೇರಿಸೋಣವೆಂದು.

ಒಂದೇ ಒಂದು ಬೇಡಿಕೆ ಇಟ್ಟೆ. ಆ ನನ್ನ ಕಿರುಚಾಟ, ಬರೀ ಒಂದು ಸೆಕೆಂಡು, ಅಷ್ಟನ್ನು ಮಾತ್ರ ಮ್ಯೂಟ್ ಮಾಡಲಾ? ಯಾರಿಗೂ ಗೊತ್ತಾಗಲ್ಲ.

“ನೋ ಕಟ್ಸ್, ಲಾವಣ್ಯಾ,” ಅಂದಳು.

ಲಾವಣ್ಯಾ! ಸ್ವೀಡಿಷರ ಹಾಗೆ ಬರೀ ಹೆಸರು! ಶೋಭನಾ ಅಕ್ಕ “ಏಯ್, ದೊಡ್ಡೋರಿಗೆ ಹಂಗಂತಾರಾ?” ಎಂದು ಗದರಿದರು. ನಾನು ಅಡ್ಡ ಬಂದೆ: “ಅಕ್ಕ, ಪ್ಲೀಸ್, ಬಿಟ್ಬಿಡಿ!”

ಫೆಬ್ರವರಿ 5, ಬುಧವಾರ

ಡೆನಿಸ್ ಬರೆದಿದ್ದಾಳೆ! ಮೂರು ವಾಕ್ಯ. “ನಾಲ್ಕನೆಯದನ್ನು ಹನ್ನೊಂದು ಸಲ ನೋಡಿದೆ. ಗೋಥೆನ್‌ಬರ್ಗ್‌ನದನ್ನೂ ಹೀಗೇ ಕಳಿಸು. ನಿನ್ನ ಕೋಚ್‌ನಿಂದ ಒಂದು ಪತ್ರ ಬೇಕು.”

ಯೋರಾನ್ ಪತ್ರ ಕೊಟ್ಟ. ಅದರಲ್ಲಿ ಇವಳು “ಹೆಲ್ಟ್ ಓಕೆ” ಜಿಗಿತಗಾರ್ತಿ ಅಂತಿದೆ. ಪೂರ್ತಿ ಓಕೆ! ಐದು ವರ್ಷ ಕಲಿಸಿದ್ದಕ್ಕೆ ಇಷ್ಟೇನಾ? ನನಗೆ ಮೈಯೆಲ್ಲಾ ಉರಿದು, ಹಾಲ್‌ಗೆ ಒಬ್ಬಳೇ ಹೋಗಿ, ನನ್ನ ಹರುಕು ಸ್ವೀಡಿಷ್‌ನಲ್ಲಿ “ಇನ್ನೂ ಜಾಸ್ತಿ ಬೇಕು” ಅಂದೆ. ಅವನು ಬಹಳ ಹೊತ್ತು ಯೋಚಿಸಿ ಒಂದು ಸಾಲು ಸೇರಿಸಿದ: “ಇವಳು ಹೋದರೆ ನಾನು ನಿವೃತ್ತನಾಗುತ್ತೇನೆ.” ಅಷ್ಟು ಬರೆದುಕೊಟ್ಟು ಮರಳು ಎಳೆಯಲು ಹೋದ. ಬದರಿನಾಥ್ ಸರ್‌ನ ಅಣ್ಣನೋ ತಮ್ಮನೋ ಇರಬೇಕು.

ಸರ್ ಕೂಡ ಈಗ ಸಂಜೆ ಹಾಲ್‌ಗೆ ಬರುತ್ತಾರೆ. ಮಗಳನ್ನು ಕರೆದೊಯ್ಯಲಂತೆ. ಜೇಬಿನಲ್ಲಿ ಅಳತೆ ಟೇಪು. ಓಟ ಶುರುವಾಗುವ ಗುರುತನ್ನು ಯೋರಾನ್ ಒಂದು ಪಾದ ಹಿಂದಕ್ಕಿಟ್ಟ. ಇವರು ಅದನ್ನು ಇಪ್ಪತ್ತೆಂಟು ಸೆಂಟಿಮೀಟರ್ ಎಂದು ತಿದ್ದಿದರು.

ಓಹ್, ಪರ್ಸೊನ್ನುಮ್ಮರ್ ಬಂತು. ಸೋಮವಾರವೇ.

ಫೆಬ್ರವರಿ 22, ಶನಿವಾರ

ಗೋಥೆನ್‌ಬರ್ಗ್‌ನಿಂದ ವಾಪಸು ಬರುವ ರೈಲಿನಲ್ಲಿ ಬರೆಯುತ್ತಿದ್ದೇನೆ. ಎದುರಿನ ಸೀಟಿನಲ್ಲಿ ಆರಾಧ್ಯಾ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾಳೆ.

ಶೋಭನಾ ಅಕ್ಕನಿಗೆ ಜ್ವರ, ಸರ್ ಮನೆಯಲ್ಲೇ ಉಳಿದರು, ಯೋರಾನ್ ಚಿಕ್ಕ ಮಕ್ಕಳನ್ನು ಬೇರೆ ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದ. ಹಾಗಾಗಿ ನಾವಿಬ್ಬರೇ. ಟ್ರಾಮ್ ತಪ್ಪು ದಿಕ್ಕಿಗೆ ಹತ್ತಿಸಿದೆ. ಎರಡು ನಿಲ್ದಾಣ ಹೋದ ಮೇಲೆ ಗೊತ್ತಾಗಿ, ಇಳಿದು, ಇಬ್ಬರೂ ಓಡಿದೆವು. “ವಾರ್ಮಪ್ ಆಯ್ತು ಬಿಡು,” ಅಂದಳು.

ಮೊದಲನೆಯದು ಫೌಲ್. ಎರಡನೆಯದು ಫೌಲ್. ಮೂರನೆಯದೂ ಹೋದರೆ ಮನೆಗೆ. ಮೊದಲ ಮೂರರಲ್ಲಿ ಒಂದಾದರೂ ಲೆಕ್ಕಕ್ಕೆ ಬಂದವರಿಗೆ ಮಾತ್ರ ಉಳಿದ ಮೂರು. ಅವಳು ನನ್ನ ಕಡೆ ನೋಡಿದಳು. “ಕುಂಟೆಬಿಲ್ಲೆ!” ಅಂತ ಕೂಗಿದೆ. “ಗೆರೆ ತುಳಿದ್ರೆ ಔಟ್ ಕಣೇ!”

ನಕ್ಕಳು. ಓಡಿದಳು. 11.58, ಗೆರೆಗಿಂತ ಒಂದು ಗೇಣು ಹಿಂದಿನಿಂದಲೇ ಹಾರಿದ್ದಳು. ನಾಲ್ಕನೆಯದು 11.91. ಅವಳ ಜೀವನದ ಅತಿ ದೂರದ್ದು! ಐದು ಫೌಲ್, ಅದಕ್ಕೆ ನನ್ನ ಹಾಳಾದ್ದೇ ತಾನಾಗಿಯೇ ಬಂತು. ಆರನೆಯದು 12.09.

ಬಿಳಿ ಬಾವುಟ. ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿಯನ್ನು ತಬ್ಬಿಕೊಂಡುಬಿಟ್ಟೆ. ಆಕೆ ಗಾಬರಿಯಾಗಿ ತನ್ನ ಫ್ಲಾಸ್ಕಿನ ಕಾಫಿ ಕೊಟ್ಟಳು.

ಆರಾಧ್ಯಾ ಮನೆಗೆ ಫೋನ್ ಮಾಡಿ ಅಪ್ಪನಿಗೆ ನಂಬರ್ ಹೇಳಿದಳು. ಸರ್ ಕೇಳಿದರಂತೆ: “ಐದನೇ ಫೌಲು ಎಷ್ಟು ಸೆಂಟಿಮೀಟರು?”

ಮಾರ್ಚ್ 7, ಶುಕ್ರವಾರ

ಸಂಜೆ ಐದಕ್ಕೆ ಡೆನಿಸ್ ಜೊತೆ ವಿಡಿಯೊ ಕರೆ. ಅಲ್ಲಿ ಬೆಳಿಗ್ಗೆ. ಆರಾಧ್ಯಾ ಒಬ್ಬಳೇ ಪರದೆಯ ಮುಂದೆ. ನಾವೆಲ್ಲ ಅಡುಗೆಮನೆಯ ಬಾಗಿಲಲ್ಲಿ ಒಬ್ಬರ ಮೇಲೊಬ್ಬರು. ನಮ್ಮನ್ನು ಕಾಣದಂತೆ ಇರಿ ಎಂದು ಅವಳೇ ಆಜ್ಞೆ ಮಾಡಿದ್ದಳು.

ಡೆನಿಸ್ ಗಡುಸು ದನಿಯ, ಕತ್ತರಿಸಿದ ಬಿಳಿ ಕೂದಲಿನ ಹೆಂಗಸು. ಓದಿನ ಬಗ್ಗೆ ಕೇಳಿದಳು, ಮಂಡಿ ನೋವಿದೆಯಾ ಕೇಳಿದಳು, ಸೋತ ದಿನ ಏನು ಮಾಡುತ್ತೀಯ ಕೇಳಿದಳು. “ಮರಳು ಎಳೆಯುತ್ತೇನೆ,” ಅಂದಳು ಆರಾಧ್ಯಾ. “ಬೇರೆಯವರು ಹಾರಬೇಕಲ್ಲ.” ಆಮೇಲೆ ಡೆನಿಸ್ ಮುಂದಕ್ಕೆ ಬಾಗಿದಳು. “ಎರಡೂ ವಿಡಿಯೊಗಳಲ್ಲಿ ಕ್ಯಾಮೆರಾ ಹಿಂದಿನಿಂದ ಯಾರೋ ಕೂಗುತ್ತಾರೆ. ತಾಯಿಯಾ? ನನಗೆ ಗೊತ್ತಿರಬೇಕು. ಹುಡುಗಿ ತಪ್ಪಿದಾಗ ಬೈಯುವ ಮನೆಯವರನ್ನು ನಾನು ಬಹಳ ನೋಡಿದ್ದೇನೆ.”

ನಾನು ಬಾಗಿಲ ಹಿಂದಕ್ಕೆ ಸರಿದೆ. ಶೋಭನಾ ಅಕ್ಕ ನನ್ನ ಕೈ ಹಿಡಿದುಕೊಂಡರು.

“ತಾಯಿ ಅಲ್ಲ, ನನ್ನ ಫ್ರೆಂಡ್ ಲಾವಣ್ಯಾ,” ಅಂದಳು ಆರಾಧ್ಯಾ.

“ಫೌಲ್ ಆದಾಗ ಒಂದು ಪದ ಕೂಗುತ್ತಾಳಲ್ಲ, ಏನದು?”

ಆರಾಧ್ಯಾ ಕಣ್ಣು ಮಿಟುಕಿಸಲಿಲ್ಲ. “ಹಾಳಾದ್ದೇ. ನಮ್ಮ ಭಾಷೆಯಲ್ಲಿ ಭೇಷ್ ಅಂತ ಅರ್ಥ.”

ಅಭಯ್ ಅಂಗೈ ಕಚ್ಚಿಕೊಂಡ. ಡೆನಿಸ್‌ಳ ಮುಖ ಪೂರ್ತಿ ಬದಲಾಯಿತು. “ಫೌಲ್ ಆದಾಗ ಭೇಷ್ ಅನ್ನುವವರು! ಅಂಥವರು ಎಲ್ಲರಿಗೂ ಬೇಕು.”

ಆಗ ಬದರಿನಾಥ್ ಸರ್ ನಮ್ಮನ್ನೆಲ್ಲ ಸರಿಸಿ, ಬಗ್ಗಿ, ಪರದೆಯೊಳಗೆ ಅರ್ಧ ಮುಖ ತೂರಿಸಿ ಒಂದೇ ಪ್ರಶ್ನೆ ಕೇಳಿದರು: “ನಿಮ್ಮ ತಂಡದ ಹುಡುಗಿಯರಲ್ಲಿ ಎಷ್ಟು ಮಂದಿ ಡಿಗ್ರಿ ಮುಗಿಸುತ್ತಾರೆ?”

“ನನ್ನ ಹನ್ನೊಂದು ವರ್ಷದಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ,” ಅಂದಳು ಡೆನಿಸ್. “ಆ ಇಬ್ಬರ ಬಗ್ಗೆ ಕೇಳುವುದಾದರೆ ಹೇಳುತ್ತೇನೆ.”

ಕೇಳಿದರು. ಹದಿನೈದು ನಿಮಿಷ ಆ ಇಬ್ಬರ ಬಗ್ಗೆಯೇ ಮಾತಾಡಿದರು.

ಆದರೆ ಕೊನೆಯಲ್ಲಿ ಡೆನಿಸ್ ಹೇಳಿದ್ದು: ಜಾಗ ಒಂದೇ ಇದೆ, ಇನ್ನೊಬ್ಬ ಹುಡುಗಿಯೂ ಇದ್ದಾಳೆ, ತಿಳಿಸುತ್ತೇನೆ.

ಮಾರ್ಚ್ 30, ಭಾನುವಾರ

ಯುಗಾದಿ. ಇಲ್ಲಿ ಇವತ್ತೇ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. ಹೊಸ ವರ್ಷ ಒಂದು ಗಂಟೆ ಕಡಿಮೆಯಾಗಿ ಬಂತು. ಬೇವು ಸಿಗದೆ ಶೋಭನಾ ಅಕ್ಕ ಬೆಲ್ಲದ ಜೊತೆ ಮೆಂತ್ಯ ಕೊಟ್ಟರು. ಡೆನಿಸ್‌ಳಿಂದ ಸುದ್ದಿಯಿಲ್ಲ. ಉಳಿದ ಹನ್ನೊಂದರಲ್ಲಿ ಎಂಟು ಕಡೆಯಿಂದ ನಯವಾದ “ಇಲ್ಲ”. ಆರಾಧ್ಯಾ ಗೋಥೆನ್‌ಬರ್ಗ್‌ನ ಅರ್ಜಿ ತುಂಬಿಟ್ಟಿದ್ದಾಳೆ, ಕಳಿಸುವ ಬಟನ್ ಒತ್ತಿಲ್ಲ. ಅವಳು ನಗುನಗುತ್ತಾ ಹೋಳಿಗೆ ಬಡಿಸುವುದನ್ನು ನೋಡಲಾಗಲಿಲ್ಲ.

ಮನೆಗೆ ಬಂದು ಅಭಯ್ ಜೊತೆ ಜಗಳ. ಸರಿಯಾದ ಜಗಳ. ಎರಡು ವಾರದಿಂದ ಅವನು ಆಫೀಸಿನಿಂದ ಬಂದರೆ ಫೋನಿನೊಳಗೆ. ನಾನು ಬಾಯಿ ತೆರೆದರೆ ಆರಾಧ್ಯಾ, ಆರಾಧ್ಯಾ. “ಮನೇಲಿ ನಾನೂ ಒಬ್ಬ ಇದೀನಿ,” ಅಂದ. “ನಾನು ಐದು ತಿಂಗಳು ಈ ಮನೇಲಿ ಒಬ್ಳೇ ಇದ್ದೆ,” ಅಂದೆ. ಇಬ್ಬರದೂ ನಿಜ.

ಆಮೇಲೆ ಅವನು ಹೋಗಿ ಒಂದು ಹಾರ್ಡ್‌ಡಿಸ್ಕ್ ತಂದ. ನಮ್ಮ ಮದುವೆಯ ಇಡೀ ಚಿತ್ರೀಕರಣ, ಹನ್ನೊಂದು ಗಂಟೆಯದ್ದು. ಸ್ಟುಡಿಯೊದಲ್ಲಿ ಅಳಿಸಲು ಇಟ್ಟದ್ದನ್ನು ನನಗೆ ಹೇಳದೆ ತಂದಿದ್ದನಂತೆ. ಹಗಲು ಬೆಳಕಿನಲ್ಲೇ ಸೋಫಾ ಮೇಲೆ ಕೂತು ನೋಡಿದೆವು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಅಭಯ್‌ಗೆ ಸೀನು ಬರುತ್ತದೆ. ಮೂಗು ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಒಂದು ಕೈಯಲ್ಲಿ ಗಂಟು ಹಾಕಲು ಒದ್ದಾಡುತ್ತಾನೆ. ನಾನು ತಲೆ ತಗ್ಗಿಸಿದವಳು ಮೆಲ್ಲಗೆ ಕೈ ಎತ್ತಿ ದಾರದ ತುದಿ ಹಿಡಿದುಕೊಳ್ಳುತ್ತೇನೆ. ಯಾರಿಗೂ ಕಂಡಿಲ್ಲ. ನಾಲ್ಕು ಸೆಕೆಂಡು.

ಅದನ್ನು ಕತ್ತರಿಸಿ ಬಿಸಾಡಿದ್ದವಳು ನಾನೇ. ಏಳು ಸಲ ನೋಡಿದೆವು.

ಏಪ್ರಿಲ್ 11, ಶುಕ್ರವಾರ

ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಆರಾಧ್ಯಾಳ ಫೋನು. ಬರೀ ಉಸಿರು. ಒಲೆ ಆರಿಸುವಂತೆ ಅಭಯ್‌ಗೆ ಕೂಗಿ ಚಪ್ಪಲಿಯಲ್ಲೇ ಓಡಿದೆ.

ಪತ್ರವನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಿದ್ದರು. ಬದರಿನಾಥ್ ಸರ್ ಎದ್ದು ನಿಂತು ಓದಿದರು, ಫ್ಯಾಕ್ಟರಿಯ ರಿಪೋರ್ಟ್ ಓದುವ ಹಾಗೆ. ಆ ಒಂದು ಜಾಗ ಆರಾಧ್ಯಾಗೆ. ಸ್ಕಾಲರ್‌ಶಿಪ್ ಜೊತೆಗೆ. ಆಗಸ್ಟ್‌ನಲ್ಲಿ ಬರಬೇಕು. ಎಂಜಿನಿಯರಿಂಗ್ ವಿಭಾಗ ಕೂಡ ಒಪ್ಪಿದೆ. ಕೊನೆಯ ಸಾಲಿಗೆ ಬಂದು ಸರ್ ನಿಂತರು.

“ಇದೇನಿದು? ಹಲಡ್ಡೆ? ಸ್ವೀಡಿಷಾ?”

ನಾನು ಬಗ್ಗಿ ನೋಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ, ದಪ್ಪವಾಗಿ, ಮೂರು ಆಶ್ಚರ್ಯಸೂಚಕ ಚಿಹ್ನೆಗಳೊಂದಿಗೆ ಡೆನಿಸ್ ಬರೆದಿದ್ದಳು:

“ಅಯ್ಯೋ ಹಲಡ್ಡೆ, ಆರಾಧ್ಯಾ!!!”

ಮೊದಲು ನಕ್ಕವರು ಶೋಭನಾ ಅಕ್ಕ. ಆಮೇಲೆ ಯಾರು ನಗುತ್ತಿದ್ದಾರೆ, ಯಾರು ಅಳುತ್ತಿದ್ದಾರೆ ಗೊತ್ತಾಗಲಿಲ್ಲ. ಸರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಒರೆಸಿದರು. ಅವರ ಪರವಾಗಿಲ್ಲಕ್ಕೆ ನಾವೆಲ್ಲ ಕಾಯುತ್ತಿದ್ದೆವು. ಅವರು ಮಗಳ ತಲೆಯ ಮೇಲೆ ಕೈಯಿಟ್ಟು, “ಹಾಳಾದ್ದೇ,” ಅಂದರು.

ಯೋರಾನ್‌ಗೆ ಫೋನ್ ಮಾಡಿದೆವು. “ಬ್ರಾ,” ಅಂದ. ನಿವೃತ್ತಿ ಮುಂದಕ್ಕೆ ಹಾಕಿದ್ದಾನಂತೆ. ಕ್ಲಬ್ಬಿನ ಇನ್ನೂ ನಾಲ್ಕು ಮಕ್ಕಳಿಗೆ ವಿಡಿಯೊ ಬೇಕಂತೆ, ಮಂಗಳವಾರ ಬರುತ್ತೀಯಾ ಅಂತ ನನ್ನನ್ನು ಕೇಳಿದ. ಬರ್ತೀನಿ ಅಂದೆ, ಸ್ವೀಡಿಷ್ ಕ್ಲಾಸ್ ಮುಗಿಸಿಕೊಂಡು.

ವಾಪಸು ಬಂದರೆ ಮೆಟ್ಟಿಲವರೆಗೂ ಸೀದ ವಾಸನೆ. ಒಲೆ ಆರಿಸಬೇಕಾದವನು ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದನಂತೆ. ಈಗ ಅಡುಗೆಮನೆಯಲ್ಲಿ ನಿಂತು, ಪಾತ್ರೆಯ ತಳ ಕೆರೆಯುತ್ತಾ ಕೂಗುತ್ತಿದ್ದಾನೆ.

“ಲಾವು, ಹಾಳಾದ್ದೇ!”

ಯಾವ ಅರ್ಥದಲ್ಲಿ ಅಂತ ಕೇಳಿಕೊಂಡು ಬರುತ್ತೇನೆ.